ಕತ್ತಿಗಂಡನ ಗುಡ್ಡ

ಕಾರೆದುರ್ಗಕ್ಕೆ ಹೋಗುವ ದಾರಿ ಇಂದಿಗೂ ಒಂದೇ. ಬಯಲಿನ ಕಪ್ಪು ಹೊಲಗಳು ಮುಗಿದು ಕೆಂಪು ಗರಸು ಶುರುವಾಗುವ ಕಡೆ, ರಸ್ತೆ ಎರಡು ಬೋಳು ಗುಡ್ಡಗಳ ನಡುವಿನ ಕಣಿವೆಗೆ ನುಗ್ಗುತ್ತದೆ. ಎಡಗಡೆಯ ಗುಡ್ಡಕ್ಕೆ ಹೆಸರಿಲ್ಲ. ಕುರಿ ಕಾಯುವವರು ಅದನ್ನು ‘ಆಚೆ ಗುಡ್ಡ’ ಎಂದು ಕರೆದು ಸುಮ್ಮನಾಗುತ್ತಾರೆ. ಬಲಗಡೆಯದೇ ಕತ್ತಿಗಂಡನ ಗುಡ್ಡ. ಅದರ ಮೈಯಲ್ಲಿ, ದಾರಿಯಿಂದ ಆಳೆತ್ತರಕ್ಕಿಂತ ತುಸು ಮೇಲೆ, ಬಂಡೆಯೊಂದು ಉದ್ದಕ್ಕೆ ಸೀಳಿದೆ. ಸೀಳಿನೊಳಗೆ ತುಕ್ಕು ತಿಂದ ಕಬ್ಬಿಣದ ಚೂರೊಂದು ಕಾಣುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಅದು ಚೆನ್ನಾಗಿ ತೋರುವುದರಿಂದ ಮಧ್ಯಾಹ್ನ ಬಂದವರು ಏನೂ ಕಾಣದೆ ಹಿಂತಿರುಗಿ, ಊರಿನವರು ಸುಳ್ಳು ಹೇಳಿದರು ಎಂದು ಬೈದುಕೊಳ್ಳುತ್ತಾರೆ. ಬಂಡೆಯ ಮುಂದೆ ಗುಡಿಯಿಲ್ಲ, ಪೂಜಾರಿಯಿಲ್ಲ, ಹರಕೆ ಹೊರುವವರೂ ಇಲ್ಲ. ಹಿಂದೊಮ್ಮೆ ಯಾರೋ ಉತ್ಸಾಹಿಗಳು ‘ವೀರ ಕತ್ತಿಗಂಡ ಸ್ವಾಮಿ’ ಎಂದು ಹಲಗೆ ಬರೆಸಿ ನೆಟ್ಟಿದ್ದರು. ಆಷಾಢದ ಗಾಳಿ ಅದನ್ನು ಹಾರಿಸಿಕೊಂಡು ಹೋಯಿತು. ಊರಿನವರು ಮತ್ತೆ ನೆಡಲಿಲ್ಲ. ಅಲ್ಲಿ ಯಾವ ವೀರನೂ ಸತ್ತಿಲ್ಲ ಎಂಬುದು ಅವರಿಗೆ ಗೊತ್ತು. ಅಲ್ಲಿರುವುದು ಮದುವೆಯಾಗಲು ಬಂದು, ಆಗದೆ ಹೋದ ಒಂದು ಕತ್ತಿ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಬಯಲಿನ ಒಂದೊಂದು ಗುಡ್ಡಕ್ಕೂ ಒಬ್ಬೊಬ್ಬ ನಾಯಕನಿದ್ದ ಕಾಲದಲ್ಲಿ, ಕಾರೆದುರ್ಗವೂ ಒಂದು ಸಂಸ್ಥಾನವಾಗಿತ್ತು. ಸಂಸ್ಥಾನವೆಂದರೆ ಆನೆ ಅಂಬಾರಿ ಎಂದುಕೊಳ್ಳಬೇಕಾಗಿಲ್ಲ. ಏಳು ಹಳ್ಳಿ, ಎರಡು ಕೆರೆ, ಕಾರೆ ಮುಳ್ಳಿನ ಬೇಲಿಯೊಳಗೆ ಒಂದು ಸುತ್ತಿನ ಕೋಟೆ, ಕೋಟೆಯೊಳಗೆ ಅರಮನೆ ಎಂದು ಕರೆಸಿಕೊಳ್ಳುತ್ತಿದ್ದ ಮಣ್ಣಿನ ದೊಡ್ಡ ಮನೆ. ಇಷ್ಟನ್ನು ಆಳುತ್ತಿದ್ದ ನಾಯಕ ಗಂಡು ಸಂತಾನವಿಲ್ಲದೆ ತೀರಿಕೊಂಡಾಗ, ಹತ್ತೊಂಬತ್ತರ ಮಗಳು ಹಾಲವ್ವ ಗದ್ದಿಗೆಯೇರಿದಳು. ಅಂದಿನಿಂದ ಅವಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಗದ್ದಿಗೆಯ ಮೇಲಿರುವವರ ಹೆಸರು ಹಿಡಿಯಬಾರದೆಂಬುದು ಆ ಕಡೆಯ ಪದ್ಧತಿ. ಕೊಟ್ಟಿಗೆಯಿಂದ ಕಚೇರಿಯವರೆಗೆ ಎಲ್ಲರಿಗೂ ಅವಳು ‘ನಾಗತಿ’ಯಾದಳು. ನಿನ್ನೆ ಮೊನ್ನೆಯವರೆಗೆ ‘ಏ ಹಾಲಿ, ಬಾರೆ ಇಲ್ಲಿ’ ಎಂದು ಕೂಗುತ್ತಿದ್ದ ಸೋದರತ್ತೆ ಮಾರಕ್ಕನೂ ಬಾಯಿ ಬಿಗಿಹಿಡಿದಳು. ಆಳುವುದು ಅವಳಿಗೆ ಕಷ್ಟವಾಗಲಿಲ್ಲ. ನ್ಯಾಯ ಹೇಳುವುದು, ಕೆರೆಯ ತೂಬು ಯಾವ ಹಳ್ಳಿಗೆ ಯಾವಾಗ ಎತ್ತಬೇಕೆಂದು ತೀರ್ಮಾನಿಸುವುದು ಎಲ್ಲವನ್ನೂ ಅಪ್ಪನ ಮಗ್ಗುಲಲ್ಲಿ ಕುಳಿತೇ ಕಲಿತಿದ್ದಳು. ಆದರೆ ತನ್ನ ಹೆಸರು ಹೀಗೆ ಒಂದೇ ದಿನದಲ್ಲಿ ಕಳೆದುಹೋದದ್ದು ಅವಳಿಗೆ ಸತ್ತ ಅಪ್ಪನ ದುಃಖದ ಜೊತೆಗೆ ಇನ್ನೊಂದು ದುಃಖವಾಯಿತು. ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ.

ಅವಳ ಹೆಸರನ್ನು ಎಲ್ಲರಿಗಿಂತ ಹೆಚ್ಚು ಸಲ ಕರೆದಿದ್ದವನು ಜಂಪಣ್ಣ. ಕೋಟೆಯ ಹೆಬ್ಬಾಗಿಲು ಕಾಯುವವನ ಮಗ. ಅಪ್ಪ ಹೋದ ಮೇಲೆ ಅವನೇ ಬಾಗಿಲಿನ ಸರದಾರ. ಇಬ್ಬರೂ ಒಂದೇ ಅಂಗಳದಲ್ಲಿ ಆಡಿ, ಒಂದೇ ಕುದುರೆಯಿಂದ ಬಿದ್ದು ಬೆಳೆದವರು. ಗದ್ದಿಗೆ ಏರುವ ಹಿಂದಿನ ದಿನ ಹಾಲವ್ವ ಮಾರಕ್ಕನ ಎದುರಿಗೆ ಅವನ ಕೈಗೆ ವೀಳ್ಯ ಕೊಟ್ಟಿದ್ದಳು. ಆ ನಾಡಿನಲ್ಲಿ ವೀಳ್ಯ ಕೊಟ್ಟರೆ ಮಾತು ಕೊಟ್ಟಂತೆ. ಅದನ್ನು ತಿರುಗಿ ಕೇಳುವಂತಿಲ್ಲ. ಅಪ್ಪನ ವರ್ಷಾಂತಿಕ ಕಳೆದ ಮೇಲೆ ಮದುವೆ ಎಂದು ಮೂವರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಆದರೆ ಊರು ಒಂದೆಣಿಸಿದರೆ ಗಡಿಯಾಚೆಯವರು ಇನ್ನೊಂದೆಣಿಸುತ್ತಾರೆ.

ಕಣಿವೆಯಾಚೆ ಹೆಬ್ಬಂಡೆ ಎಂಬ ದೊಡ್ಡ ಸಂಸ್ಥಾನವಿತ್ತು. ಅದರ ದೊರೆ ಬಸವಂತ ನಾಯಕ. ಐವತ್ತು ದಾಟಿದವನು, ನಾಲ್ಕು ಮದುವೆಯಾದವನು, ಪ್ರತಿ ಮದುವೆಗೂ ಒಂದಿಷ್ಟು ಊರುಗಳನ್ನು ಬಳುವಳಿಯಾಗಿ ಪಡೆದವನು. ಯುದ್ಧದಲ್ಲಿ ಕಳೆದದ್ದನ್ನು ಚಪ್ಪರದಲ್ಲಿ ಗಳಿಸುತ್ತಾನೆ ಎಂದು ಅವನ ಬೆನ್ನ ಹಿಂದೆ ಜನ ಆಡಿಕೊಳ್ಳುತ್ತಿದ್ದರು. ಹಿಂದಿನ ಬೇಸಗೆಯಲ್ಲಿ ಅವನ ಭಾವಮೈದುನ ಕಾರೆದುರ್ಗದ ದನಗಳನ್ನು ಹೊಡೆದುಕೊಂಡು ಹೋಗಿದ್ದ. ಜಂಪಣ್ಣ ಬೆನ್ನಟ್ಟಿ ಹೋಗಿ ದನಗಳನ್ನು ಬಿಡಿಸಿ ತಂದಿದ್ದ. ಆ ಗಲಾಟೆಯಲ್ಲಿ ಭಾವಮೈದುನನ ಒಂದು ಕಣ್ಣು ಹೋಗಿತ್ತು. ದನ ಕದ್ದವನಿಗೆ ಕಣ್ಣು ಹೋದದ್ದು ನ್ಯಾಯವೋ ಅನ್ಯಾಯವೋ, ಹೆಬ್ಬಂಡೆಯ ಅರಮನೆಯಲ್ಲಿ ಅದು ಉರಿಯುವ ಕೆಂಡವಾಗಿ ಉಳಿದಿತ್ತು.

ಹಾಲವ್ವ ಗದ್ದಿಗೆಯೇರಿದ ವರ್ಷವೇ, ಸುಗ್ಗಿ ಮುಗಿದ ಮೇಲೆ, ಹೆಬ್ಬಂಡೆಯಿಂದ ರಾಯಸದ ವೆಂಕಪ್ಪಯ್ಯ ಎಂಬ ಹಿರಿಯ ಕಾರ್ಯದರ್ಶಿ ಬಂದ. ಕಚೇರಿಯಲ್ಲಿ ನಿಂತು ದೊರೆಯ ಸಂದೇಶವನ್ನು ರಾಗವಾಗಿ ಒಪ್ಪಿಸಿದ. ಕಾರೆದುರ್ಗದ ಹೆಣ್ಣನ್ನು ಹೆಬ್ಬಂಡೆಗೆ ತಂದುಕೊಳ್ಳಲು ದೊರೆ ಮನಸ್ಸು ಮಾಡಿದ್ದಾರೆ; ಏಳು ಹಳ್ಳಿಗಳೂ ಇನ್ನು ಹೆಬ್ಬಂಡೆಯ ನೆರಳಿನಲ್ಲಿರುತ್ತವೆ; ಇದಕ್ಕೆ ಗುರುತಾಗಿ ಬಾಗಿಲಿನ ಸರದಾರ ಜಂಪಣ್ಣನನ್ನು ದೊರೆಯ ವಶಕ್ಕೆ ಒಪ್ಪಿಸಬೇಕು. ಒಪ್ಪದಿದ್ದರೆ ಏನಾಗುತ್ತದೆಂಬುದನ್ನು ಅವನು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಅವನು ಮಾತನಾಡುತ್ತಿದ್ದಷ್ಟು ಹೊತ್ತೂ ಹಾಲವ್ವ ಒಂದನ್ನು ಗಮನಿಸುತ್ತಿದ್ದಳು. ಹಳ್ಳಿಗಳ ಹೆಸರು ಒಂದೂ ತಪ್ಪಲಿಲ್ಲ. ಎರಡು ಕೆರೆಗಳ ಹೆಸರೂ ಬಂತು. ಕೋಟೆಯ ಹಿಂದಿನ ಹುಣಸೆ ತೋಪಿನ ಹೆಸರೂ ಬಂತು. ತನ್ನ ಹೆಸರು ಮಾತ್ರ ಎಲ್ಲೂ ಬರಲಿಲ್ಲ. ಮೊದಲು ಅವಳಿಗೆ ನಗು ಬಂತು, ಆಮೇಲೆ ಆ ನಗು ನಿಂತಿತು.

ದಳವಾಯಿ ಸೂರಪ್ಪ ಕೆಟ್ಟವನಲ್ಲ. ಅವಳ ಅಪ್ಪನ ಕಾಲದಿಂದ ಸೈನ್ಯ ನಡೆಸಿದವನು, ಸೈನ್ಯ ಎಷ್ಟಿದೆಯೆಂದು ಬಲ್ಲವನು. ವೆಂಕಪ್ಪಯ್ಯನನ್ನು ಬಿಡಾರಕ್ಕೆ ಕಳಿಸಿ ಅವನು ಹಾಲವ್ವನ ಮುಂದೆ ಕೈಕಟ್ಟಿ ನಿಂತ. “ತಾಯೀ, ಅವರ ಕುದುರೆ ಒಂದ್ಸಲ ಕೆನೆದ್ರೆ ನಮ್ ಕೋಟೆ ಗೋಡೆ ಉದುರ್ತದೆ. ಏಳು ಹಳ್ಳಿ ಹೆಂಗಸ್ರು ಮಕ್ಳು ಒಂದ್ಕಡೆ, ಒಬ್ಬ ಆಳು ಒಂದ್ಕಡೆ. ತೂಕ ಮಾಡಿ ನೋಡ್ರಿ” ಎಂದ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಹಾಲವ್ವನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಲೆಕ್ಕದ ಮೇಲೆ ಬಂತು. ಅವಳು ಎದ್ದು ದನದ ದೊಡ್ಡಿಯ ಕಡೆಗೆ ಹೋದಳು. ಅಲ್ಲಿ ಜಂಪಣ್ಣ ಆಗಲೇ ಸೊಂಟದ ಕತ್ತಿ ಬಿಚ್ಚಿ ಗೂಟಕ್ಕೆ ತೂಗುಹಾಕಿ, ಹೊರಡಲು ಸಿದ್ಧನಾಗಿ ನಿಂತಿದ್ದ.

“ನಾಗತಿಯೋರೆ, ನಾನೇ ಹೋಗ್ತೀನಿ” ಎಂದ. “ಅವರ್ಗೆ ಬೇಕಾಗಿರೋದು ಒಂದು ಕಣ್ಣೋ ಒಂದು ತಲೆಯೋ. ಕೊಟ್ರೆ ಊರು ಉಳೀತದೆ.”

“ಹೆಸ್ರು ಹಿಡಿದು ಕರಿ ಜಂಪಣ್ಣ.”

“ಗದ್ದಿಗೆ ಮ್ಯಾಲಿರೋರ ಹೆಸ್ರು ಹಿಡಿಬಾರ್ದು.”

“ಹಂಗಾದ್ರೆ ಗದ್ದಿಗೆ ಮಾತು ಕೇಳು. ನೀನು ಬಾಗಿಲು ಬಿಟ್ಟು ಅಲುಗಬಾರ್ದು. ನಿನ್ನ ತಲೆ ಕೊಟ್ಟು ಉಳಿಸಿದ ಊರಾಗೆ ನಾನು ನ್ಯಾಯ ಹೇಳೋಕೆ ಕೂತ್ರೆ, ಯಾರು ಕೇಳ್ತಾರೆ? ನಾಳೆ ಇನ್ನೊಬ್ಬ ಬಂದು ಇನ್ನೊಂದು ತಲೆ ಕೇಳ್ತಾನೆ. ಅದನ್ನೂ ತೂಕ ಮಾಡಿ ಕೊಡೋದಾ?” ಎಂದಳು ಹಾಲವ್ವ. ಅವಳಿಗೆ ಅವನು ಬೇಕಾಗಿದ್ದ; ಅದನ್ನು ಮುಚ್ಚಿಡುವಷ್ಟು ಜಾಣತನ ಆ ಹೊತ್ತಿಗೆ ಅವಳಲ್ಲಿ ಉಳಿದಿರಲಿಲ್ಲ. ಅವನು ಗೂಟದಿಂದ ಕತ್ತಿ ತೆಗೆದು ಮತ್ತೆ ಸೊಂಟಕ್ಕೆ ಕಟ್ಟಿಕೊಂಡ.

ಮರುದಿನ ಅವಳು ಕಚೇರಿಯಲ್ಲಿ ವೆಂಕಪ್ಪಯ್ಯನಿಗೆ ಉತ್ತರ ಕೊಟ್ಟಳು. ಜಂಪಣ್ಣನನ್ನು ಕೊಡುವುದಿಲ್ಲ, ತಾನೂ ಬರುವುದಿಲ್ಲ. ಇನ್ನೊಬ್ಬರ ಕೈಗೆ ಆಗಲೇ ವೀಳ್ಯ ಕೊಟ್ಟಾಗಿದೆ. ಇದನ್ನು ಕೇಳಿ ಬಸವಂತ ನಾಯಕ ಸಿಟ್ಟಾಗಲಿಲ್ಲವಂತೆ, ನಕ್ಕನಂತೆ. ಹೆಣ್ಣಿನ ವೀಳ್ಯಕ್ಕಿಂತ ಗಂಡಿನ ಕತ್ತಿ ದೊಡ್ಡದು ಎಂದನಂತೆ. ಆ ಕಾಲದ ದೊಡ್ಡ ದೊರೆಗಳಲ್ಲಿ ಒಂದು ರೂಢಿಯಿತ್ತು. ಚಿಕ್ಕ ಮನೆತನದ ಹೆಣ್ಣನ್ನು ತರುವಾಗ ಅವರು ತಾವೇ ಹೋಗಿ ಚಪ್ಪರದಲ್ಲಿ ಕೂರುತ್ತಿರಲಿಲ್ಲ. ತಮ್ಮ ಕತ್ತಿಯನ್ನು ಕಳಿಸುತ್ತಿದ್ದರು. ಕತ್ತಿಗೆ ಬಾಸಿಂಗ ಕಟ್ಟಿ ಪಲ್ಲಕ್ಕಿಯಲ್ಲಿ ಕೂರಿಸುತ್ತಿದ್ದರು. ಹೆಣ್ಣು ಅದರ ಮಗ್ಗುಲಲ್ಲಿ ಕುಳಿತು ಧಾರೆ ಎರೆಸಿಕೊಂಡರೆ ಮದುವೆ ಆಗಿಹೋಯಿತು. ಅವನ ನಾಲ್ಕು ಮದುವೆಗಳಲ್ಲಿ ಮೂರು ಹಾಗೆಯೇ ಆಗಿದ್ದವು. ಐದನೆಯದಕ್ಕೂ ಕತ್ತಿ ಹೊರಡುತ್ತದೆ, ಹಿಂದೆ ದಂಡು ಬರುತ್ತದೆ, ಹೆಣ್ಣಿನ ಕಡೆಯವರು ಚಪ್ಪರ ಹಾಕುವುದೋ ಗೋರಿ ತೋಡುವುದೋ ನಿರ್ಧರಿಸಿಕೊಳ್ಳಲಿ ಎಂದು ಹೇಳಿಕಳಿಸಿದ.

ಊರೆಲ್ಲ ನಡುಗಿದ ಆ ದಿನ ನಗುತ್ತಿದ್ದವಳು ಮಾರಕ್ಕ ಒಬ್ಬಳೇ. ಗಂಡ ಸತ್ತು, ಮಕ್ಕಳಿಲ್ಲದೆ, ತವರಿನ ಒಲೆಯ ಮುಂದೆ ಮುಪ್ಪಾದ ಈ ಹೆಂಗಸು ಏಳು ಹಳ್ಳಿಗಳಲ್ಲಿ ಮದುವೆಯ ಬಾಗಿಲು ಕಟ್ಟುವುದಕ್ಕೆ ಹೆಸರಾದವಳು. ಬಾಗಿಲು ಕಟ್ಟುವುದೆಂದರೆ ಗಂಡು ಹೆಣ್ಣಿನ ಮನೆಯ ಹೊಸ್ತಿಲಿಗೆ ಬಂದಾಗ ಹೆಂಗಸರು ಅಡ್ಡ ನಿಲ್ಲುವುದು. ‘ಹೆಂಡ್ತಿ ಹೆಸ್ರು ಹೇಳು, ಒಳಗೆ ಬಾ’ ಎಂದು ಕೇಳುವುದು. ಗಂಡು ನಾಚಿಕೊಂಡು, ಒಡಪು ಕಟ್ಟಿ, ಅದರಲ್ಲಿ ಹೆಸರು ಸೇರಿಸಿ ಹೇಳಿದರೆ ದಾರಿ ಬಿಡುವುದು. ಬೇರೆ ಊರುಗಳಲ್ಲಿ ಇದು ಬರಿಯ ಚೇಷ್ಟೆ; ಹೆಸರು ಹೇಳದಿದ್ದರೂ ಎರಡು ತೆಂಗಿನಕಾಯಿ ಕೊಟ್ಟರೆ ಮುಗಿಯಿತು. ಕಾರೆದುರ್ಗದಲ್ಲಿ ಮಾತ್ರ ಅದು ಮಂತ್ರಕ್ಕಿಂತ ಗಟ್ಟಿ. ಹೊಸ್ತಿಲಲ್ಲಿ ಯಾರು ಹೆಸರು ಹೇಳುತ್ತಾರೋ ಅವನೇ ಗಂಡ. ಒಂದೇ ಸಲ ಹೇಳಬೇಕು. ಬೇರೆಯವರು ಹೇಳಿಕೊಡುವಂತಿಲ್ಲ. ತಪ್ಪಿದರೆ ದಿಬ್ಬಣ ತಿರುಗಿ ಹೋಗಬೇಕು. ಮಾರಕ್ಕ ಇದನ್ನು ನೆನಪಿಸಿದಾಗ ಹಾಲವ್ವ ಬಹಳ ಹೊತ್ತು ಯೋಚಿಸಿದಳು. ಇದು ಎರಡು ಅಲಗಿನ ಕೆಲಸವೆಂದು ಅವಳಿಗೆ ತಿಳಿದಿತ್ತು. ಹೊಸ್ತಿಲಿನ ಮಾತಿಗೆ ಒಪ್ಪಿದ ಮೇಲೆ, ಬಸವಂತ ನಾಯಕ ಬಂದು ಮೂರಕ್ಷರದ ಅವಳ ಹೆಸರು ಹೇಳಿಬಿಟ್ಟರೆ, ಅವಳು ಅವನ ಹೆಂಡತಿಯೇ. ಆಮೇಲೆ ಇಲ್ಲ ಎನ್ನಲು ಬಾಯಿಲ್ಲ. ಜಂಪಣ್ಣನ ತಲೆ ಉಳಿಸುವ ದಾರಿಯೂ ಇಲ್ಲ.

ಆದರೂ ಅವಳು ಹೇಳಿಕಳಿಸಿದಳು: ಕತ್ತಿ ಬರಲಿ, ನಮ್ಮ ಹೊಸ್ತಿಲಿನ ಪದ್ಧತಿ ನಡೆದರೆ ಮದುವೆ, ಮದುವೆಯ ಜೊತೆಗೆ ಕೇಳಿದ್ದೆಲ್ಲ, ನಡೆಯದಿದ್ದರೆ ಮದುವೆಯೂ ಇಲ್ಲ, ಇನ್ನು ಮುಂದೆ ಕೇಳುವುದೂ ಇಲ್ಲ. ಒಪ್ಪಿದ್ದಕ್ಕೆ ವೀಳ್ಯ ಕಳಿಸಬೇಕು. ಬಸವಂತ ನಾಯಕ ಹೆಂಗಸರ ಪದ್ಧತಿಯೆಲ್ಲ ಏನು ಮಹಾ ಎಂದು ತುಂಬಿದ ಸಭೆಯಲ್ಲಿ ವೀಳ್ಯ ಕಟ್ಟಿ ಕಳಿಸಿದ. ಎರಡು ತೆಂಗಿನಕಾಯಿಯನ್ನೂ ಕಟ್ಟಿಸಿದನಂತೆ.

ಕತ್ತಿ ಬಂತು. ಬಂಗಾರದ ಹಿಡಿಗೆ ಬಾಸಿಂಗ, ಒರೆಗೆ ಅರಿಸಿನದ ಬಟ್ಟೆ, ಮುಂದೆ ವಾಲಗ, ಹಿಂದೆ ದಂಡು. ಅರಮನೆಯ ಮುಂದೆ ಹಸಿರು ಚಪ್ಪರ ಎದ್ದಿತ್ತು. ಹಸಿರು ಚಪ್ಪರದ ಕೆಳಗೆ ಆಯುಧ ಹಿಡಿಯುವುದು ಎರಡೂ ಸಂಸ್ಥಾನಗಳ ಕುಲದಲ್ಲಿ ನಿಷಿದ್ಧ. ದಂಡಿನವರು ಭರ್ಜಿಗಳನ್ನು ಹೊರಗೆ ಒರಗಿಸಿ ನೆರಳಿಗೆ ಬಂದು ಕುಳಿತರು. ಅವರಲ್ಲಿ ಎಷ್ಟೋ ಜನರಿಗೆ ಕಾರೆದುರ್ಗದಲ್ಲಿ ಅಕ್ಕಂದಿರಿದ್ದರು, ಬೀಗರಿದ್ದರು. ಕ್ಷಣದಲ್ಲಿ ಊರಿನ ಸುದ್ದಿ ಮನೆಯ ಸುದ್ದಿ ಶುರುವಾಯಿತು. ವೆಂಕಪ್ಪಯ್ಯ ಮದುಮಗನಾದ ಕತ್ತಿಯನ್ನು ಮಾತ್ರ ಎರಡು ಕೈಯಲ್ಲಿ ಎತ್ತಿಕೊಂಡು ಹೊಸ್ತಿಲ ಮುಂದೆ ನಿಂತ. ಒಳಗಿನಿಂದ ಮಾರಕ್ಕ, ಅವಳ ಹಿಂದೆ ಏಳು ಹಳ್ಳಿಯ ಹೆಂಗಸರು, ಬಾಗಿಲು ತುಂಬ ನಿಂತರು.

“ಅಳಿಯಂದ್ರೆ, ಹೆಂಡ್ತಿ ಹೆಸ್ರು ಹೇಳ್ರಿ” ಎಂದು ಮಾರಕ್ಕ ಕತ್ತಿಯನ್ನು ಕೇಳಿದಳು.

ಕತ್ತಿ ಮಾತಾಡಲಿಲ್ಲ. ವೆಂಕಪ್ಪಯ್ಯ ನಗುನಗುತ್ತ ತೆಂಗಿನಕಾಯಿ ಮುಂದೆ ಚಾಚಿದ. ಅದನ್ನು ಯಾರೂ ಮುಟ್ಟಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು, ದೊರೆಯ ಪರವಾಗಿ ತಾನೇ ಹೇಳುವೆನೆಂದ. “ಹೇಳಪ್ಪ, ಯಾರು ಬ್ಯಾಡ ಅಂದೋರು” ಎಂದಳು ಮಾರಕ್ಕ. “ಆದ್ರೆ ಹೊಸ್ತಿಲಾಗೆ ಹೆಸ್ರು ಹೇಳಿದೋನೇ ಗಂಡ. ನೀನು ಹೇಳಿದ್ರೆ ನಿಂಗೇ ಧಾರೆ ಎರೀತೀವಿ. ನಿಮ್ ದೊರೆಗೆ ಆಮೇಲೆ ನೀನೇ ಜವಾಬು ಹೇಳ್ಕೊ.” ಹೆಂಗಸರು ಬಿದ್ದು ಬಿದ್ದು ನಕ್ಕರು. ದೊರೆಯ ಹೆಣ್ಣಿಗೆ ಗಂಡನಾಗುವ ಆಸೆ ವೆಂಕಪ್ಪಯ್ಯನಿಗೆ ಆ ವಯಸ್ಸಿನಲ್ಲಿ ಇರಲಿಲ್ಲ. ಇದ್ದಿದ್ದರೂ ಕುತ್ತಿಗೆಯ ಮೇಲಿನ ಆಸೆ ಹೆಚ್ಚಿತ್ತು. ಅವನು ಕತ್ತಿಯನ್ನು ಹೊಸ್ತಿಲಿನ ಹೊರಗೆ ಒಂದು ಚಾಪೆಯ ಮೇಲೆ ಮಲಗಿಸಿ ಹೆಬ್ಬಂಡೆಗೆ ಆಳು ಓಡಿಸಿದ.

ಉತ್ತರ ಬರುವವರೆಗೆ ಅಳಿಯನನ್ನು ಬಾಗಿಲಲ್ಲಿ ಹಾಗೆಯೇ ಬಿಡುವುದುಂಟೇ? ಹೆಂಗಸರು ಕತ್ತಿಗೆ ಎಣ್ಣೆ ಹಚ್ಚಿದರು, ಸೀಗೆಯಲ್ಲಿ ಮೀಯಿಸಿದರು, ಎಲೆ ಹಾಕಿ ಹೋಳಿಗೆ ಬಡಿಸಿದರು, ‘ಯಾಕೋ ಅಳಿಯಂದ್ರು ಸಪ್ಪಗವ್ರೆ, ನಮ್ ಸಾರು ಹಿಡಿಸ್ಲಿಲ್ವೇನೋ’ ಎಂದು ಕೇಳಿದರು. ನಾದಿನಿಯರಾದ ಊರ ಹುಡುಗಿಯರು ಅದರ ಒರೆಯನ್ನು ಕದ್ದು ಬಚ್ಚಿಟ್ಟು ಹೆಬ್ಬಂಡೆಯವರನ್ನು ಹುಡುಕಿಸಿದರು. ಎಲ್ಲವನ್ನೂ ಮರ್ಯಾದೆಯಿಂದಲೇ ಮಾಡಿದರು. ತಪ್ಪು ಹಿಡಿಯಲು ಒಂದೂ ಸಿಕ್ಕದಂತೆ. ದಂಡಿನವರು ಊಟಕ್ಕೆ ಮನಸೋತು, ನಗು ತಡೆಯಲಾರದೆ ಮೀಸೆಯಲ್ಲಿ ಮುಚ್ಚಿಕೊಂಡರು. ಬೀಸುವ ಕಲ್ಲಿನ ಮುಂದೆ ಕತ್ತಿಗಂಡನ ಪದ ಹುಟ್ಟಿತು. ಪದಕ್ಕೆ ಗಡಿಯಿಲ್ಲ, ಅದು ಕಣಿವೆ ದಾಟಿ ಹೆಬ್ಬಂಡೆಯ ಅರಮನೆಯ ಒಳಗೇ, ಆ ನಾಲ್ವರು ಹೆಂಡತಿಯರ ಬೀಸುಕಲ್ಲಿಗೂ ತಲುಪಿತು ಎನ್ನುತ್ತಾರೆ. ಅದನ್ನು ಕೇಳಿದ ದಿನ ಬಸವಂತ ನಾಯಕ ಕುದುರೆಗೆ ಜೀನು ಹಾಕಿಸಿದ.

ಅವನು ಬರುತ್ತಾನೆಂದು ತಿಳಿದಾಗ ಹಾಲವ್ವನ ನಗು ಹಾರಿಹೋಯಿತು. ಇಷ್ಟು ದಿನ ಕತ್ತಿಯನ್ನು ಗೇಲಿ ಮಾಡುವುದು ಸುಲಭವಾಗಿತ್ತು. ಬರುವವನಿಗೆ ಬಾಯಿತ್ತು. ಹೆಸರನ್ನು ಯಾರಾದರೂ ಅವನಿಗೆ ಹೇಳಿರಬಹುದು. ದಾರಿಯಲ್ಲಿ ಯಾವ ಕುರುಬನನ್ನು ಕೇಳಿದರೂ ಹೇಳಿಯಾನು. ಮಾರಕ್ಕ ಅವಳಿಗೆ ಹಸಿರು ಸೀರೆ ಉಡಿಸುತ್ತಿದ್ದಳು. “ಅತ್ತೆ, ಗೊತ್ತಿದ್ರೆ?” ಎಂದಳು. ಮಾರಕ್ಕ ನೆರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸಿದಳು. “ಗೊತ್ತಿದ್ರೆ ಹೋಗ್ಬೇಕು ಮಗಳೇ” ಎಂದಳು. ಆ ಮಾತಿನಲ್ಲಿ ಸಮಾಧಾನವಿರಲಿಲ್ಲ. ಇದ್ದಿದ್ದರೆ ಹಾಲವ್ವ ಅದನ್ನು ನಂಬುತ್ತಿರಲಿಲ್ಲ.

ಬಸವಂತ ನಾಯಕ ಗಂಭೀರವಾದ ಆಳು. ಎತ್ತರವಾಗಿದ್ದ, ನರೆತ ಮೀಸೆಯನ್ನು ಒಪ್ಪವಾಗಿ ತಿದ್ದಿದ್ದ. ಅವನನ್ನು ನೋಡಿ ಹೆಂಗಸರ ನಗು ತಾನಾಗಿ ಅಡಗಿತು. ಅವನು ಚಪ್ಪರದ ಹೊರಗೆ ಆಯುಧ ಬಿಟ್ಟು, ಚಪ್ಪಲಿ ಬಿಟ್ಟು, ಪದ್ಧತಿಯಂತೆ ಹೊಸ್ತಿಲಿನ ಮುಂದೆ ಬಂದು ನಿಂತ. ಬಾಗಿಲಿನೊಳಗೆ ಹಾಲವ್ವ ನಿಂತಿದ್ದಳು. ಚಪ್ಪರದ ಕಂಬದ ಹತ್ತಿರ, ಬರಿಗೈಯಲ್ಲಿ, ಜಂಪಣ್ಣ ನಿಂತಿದ್ದ. ದಂಡಿನವರು, ಊರಿನವರು, ಸೂರಪ್ಪ, ವೆಂಕಪ್ಪಯ್ಯ ಎಲ್ಲರೂ ಹತ್ತಿರಕ್ಕೆ ಸರಿದರು. “ಅಳಿಯಂದ್ರೆ, ಹೆಂಡ್ತಿ ಹೆಸ್ರು ಹೇಳ್ರಿ” ಎಂದಳು ಮಾರಕ್ಕ. ಈ ಸಲ ಅವಳ ದನಿಯಲ್ಲಿ ಚೇಷ್ಟೆಯಿರಲಿಲ್ಲ.

ಬಸವಂತ ನಾಯಕ ತಡಮಾಡಲಿಲ್ಲ. “ಕಾರೆದುರ್ಗದ ನಾಗತಿ” ಎಂದ.

ಹೇಳಿ ಕಾಲೆತ್ತಿದ. ಯಾರೂ ದಾರಿ ಬಿಡಲಿಲ್ಲ. “ಕಾರೆದುರ್ಗ ಅಂದ್ರೆ ಊರ ಹೆಸ್ರು” ಎಂದಳು ಮಾರಕ್ಕ ಮೆಲ್ಲಗೆ. “ನಾಗತಿ ಅಂದ್ರೆ ಗದ್ದಿಗೆ ಹೆಸ್ರು. ಹುಡುಗಿಗೆ ಅಂತ ಒಂದು ಹೆಸ್ರು ಐತಲ್ಲಪ್ಪ?” ಎತ್ತಿದ ಕಾಲು ಕೆಳಗಿಳಿಯಿತು. ಅವನು ವೆಂಕಪ್ಪಯ್ಯನ ಕಡೆ ನೋಡಿದ. ವೆಂಕಪ್ಪಯ್ಯ ನೆಲ ನೋಡಿದ. ಏಳು ಹಳ್ಳಿಗಳ ಹೆಸರನ್ನು ಬಾಯಿಪಾಠ ಮಾಡಿದ್ದ ಆ ಪಂಡಿತನಿಗೂ ಅದು ಗೊತ್ತಿರಲಿಲ್ಲ; ನಾಗತಿ ಎಂದರೆ ಸಾಕೆಂದುಕೊಂಡಿದ್ದವನಿಗೆ ಕೇಳಬೇಕೆಂದು ತೋಚಿಯೂ ಇರಲಿಲ್ಲ. ಆಗ ಬಸವಂತ ನಾಯಕ ಆಡಬಾರದ ಮಾತೊಂದನ್ನು ಆಡಿದ. “ಹೆಸರು ಯಾವುದಾದರೇನು?” ಎಂದ.

ಕಾರೆದುರ್ಗ ಉಳಿದದ್ದು ಆ ಮಾತಿನಿಂದ ಎಂದು ಹಳಬರು ಹೇಳುತ್ತಾರೆ. ದಂಡಿನವರ ಸಾಲಿನಲ್ಲಿ ಮುದುಕನೊಬ್ಬನಿದ್ದ, ಹೆಬ್ಬಂಡೆಯ ಆಳೇ, ಹೆಣ್ಣುಮಕ್ಕಳನ್ನು ಕೊಟ್ಟ ಮನೆಯವನು. ಅವನು ಎದ್ದು, ಒರಗಿಸಿದ್ದ ತನ್ನ ಭರ್ಜಿ ತೆಗೆದುಕೊಂಡು, ಯಾರಿಗೂ ಏನೂ ಹೇಳದೆ ಮನೆಯ ದಾರಿ ಹಿಡಿದ. ಅವನ ಹಿಂದೆ ಇನ್ನೊಬ್ಬ ಎದ್ದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು, ನಗು ಸಾಲಿನಿಂದ ಸಾಲಿಗೆ ಹಬ್ಬಿತು. ನಗುವ ದಂಡನ್ನು ಯುದ್ಧಕ್ಕೆ ನುಗ್ಗಿಸಿದ ದೊರೆ ಇನ್ನೂ ಹುಟ್ಟಿಲ್ಲ. ಬಸವಂತ ನಾಯಕ ಅಷ್ಟು ತಿಳಿದವನೇ. ಅವನು ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ಹಾಲವ್ವ ಅಲ್ಲಿಗೇ ಬಿಡಬಹುದಾಗಿತ್ತು. ಬಿಡಲಿಲ್ಲ. ಗದ್ದಿಗೆಯ ಮುದ್ರೆಯುಂಗುರವನ್ನು ಬೆರಳಿನಿಂದ ತೆಗೆದು ಸೂರಪ್ಪನ ಮುಂದೆ ಹಿಡಿದಳು. ತಾನು ಮಾತು ಕೊಟ್ಟವನನ್ನೇ ಮದುವೆಯಾಗುವುದಾಗಿಯೂ, ಬಾಗಿಲು ಕಾಯುವವನ ಹೆಂಡತಿ ಗದ್ದಿಗೆಗೆ ಬೇಡವೆನ್ನುವುದಾದರೆ ಉಂಗುರವನ್ನು ಈಗಲೇ ತೆಗೆದುಕೊಳ್ಳಬೇಕೆಂದೂ ಎಲ್ಲರಿಗೆ ಕೇಳುವಂತೆ ಹೇಳಿದಳು. ಸೂರಪ್ಪ ಉಂಗುರ ಮುಟ್ಟಲಿಲ್ಲ. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಹುಡುಗಿಯನ್ನು ಹೆಸರೂ ಕೇಳದವನಿಗೆ ತೂಕ ಮಾಡಿ ಕೊಡಲು ಹೊರಟಿದ್ದೆನಲ್ಲ ಎಂದು ಆ ಮುದಿ ದಳವಾಯಿ ಗಳಗಳ ಅತ್ತುಬಿಟ್ಟ. ಮಾರಕ್ಕ ಅವನನ್ನು ಅಳಲು ಬಿಟ್ಟು ಕಂಬದ ಕಡೆ ತಿರುಗಿದಳು. “ಏ ಜಂಪ, ಅಲ್ಲೇನ್ ನಿಂತೀಯ? ಬಾಯಿ ಐತೋ ಇಲ್ವೋ?” ಎಂದಳು. ಜಂಪಣ್ಣ ಹೊಸ್ತಿಲಿನ ಮುಂದೆ ಬಂದ. ದನ ಕದ್ದವರನ್ನು ಬೆನ್ನಟ್ಟಿದವನಿಗೆ ಬೆವರು ಬಿಟ್ಟಿತು. ಕೊನೆಗೆ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿದ:

“ಕಾರೆ ಮುಳ್ಳಿನ ಬೇಲಿ, ಕಲ್ಲು ಹಾಸಿದ ದಾರಿ,
ಹಾಲವ್ವ ಕರೆದರೆ ಬಂದೇನು ಬರಿಗಾಲಲಿ ಏರಿ.”

ಒಡಪು ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಗದ್ದಿಗೆಯೇರಿದ ಮೇಲೆ ಮೊದಲ ಸಲ ತನ್ನ ಹೆಸರು ಕಿವಿಗೆ ಬಿದ್ದು ಹಾಲವ್ವನ ಕಣ್ಣು ತುಂಬಿ ಬಂತು. ಹೆಂಗಸರು ದಾರಿ ಬಿಟ್ಟರು. ಅವನು ಒಳಗೆ ಬರುವವರೆಗೆ ಕಾಯಲು ಅವಳಿಂದ ಆಗಲಿಲ್ಲ. ತಾನೇ ಹೊಸ್ತಿಲು ದಾಟಿ ಹೊರಗೆ, ಅವನ ಮಗ್ಗುಲಿಗೆ ಹೋಗಿ ನಿಂತಳು. ಹೀಗೆ ಮಾಡಬಾರದೆಂದು ಮಾರಕ್ಕ ಗದರಿದಳಂತೆ. ಧಾರೆ ಚಪ್ಪರದಲ್ಲೇ ಆಯಿತು.

ಬಸವಂತ ನಾಯಕ ಕೊಟ್ಟ ವೀಳ್ಯದ ಮಾತಿಗೆ ತಪ್ಪಲಿಲ್ಲ. ಹೆಣ್ಣನ್ನೂ ತಲೆಯನ್ನೂ ಮತ್ತೆ ಕೇಳಲಿಲ್ಲ. ಅಷ್ಟು ಮರ್ಯಾದೆ ಅವನಲ್ಲಿತ್ತು. ಚಾಪೆಯ ಮೇಲಿದ್ದ ಕತ್ತಿಯನ್ನು ತಾನೇ ಎತ್ತಿಕೊಂಡು ಹೊರಟ. ಆದರೆ ಮದುವೆಗೆ ಹೋಗಿ ಮದುವೆಯಾಗದೆ ತಿರುಗಿದ ಕತ್ತಿಯನ್ನು ಮತ್ತೆ ಸೊಂಟಕ್ಕೆ ಕಟ್ಟುವಂತಿಲ್ಲ, ಮನೆಯೊಳಗೆ ಒಯ್ಯುವಂತಿಲ್ಲ, ಮಾರುವಂತೆಯೂ ಇಲ್ಲ. ಕಣಿವೆಯಲ್ಲಿ ಅವನು ಕುದುರೆ ನಿಲ್ಲಿಸಿ, ಆ ಗುಡ್ಡದ ಬಂಡೆಯ ಸೀಳಿನಲ್ಲಿ ಅದನ್ನು ಹಿಡಿಯವರೆಗೆ ತುರುಕಿ ಹೋದ. ಅವನ ಏಟಿಗೆ ಬಂಡೆಯೇ ಸೀಳಿತು ಎನ್ನುವವರೂ ಇದ್ದಾರೆ, ನಂಬುವವರು ನಂಬಲಿ. ಬಂಗಾರದ ಹಿಡಿಯನ್ನು ಮುಂದೆ ಯಾರೋ ಬಿಚ್ಚಿಕೊಂಡು ಹೋದರು. ಊರ ದಾರಿಯಲ್ಲಿ ಅವನು ಒಂದೇ ಒಂದು ಸಲ ಬಾಯಿಬಿಟ್ಟು, “ಆ ಹುಡುಗ ಏನೆಂದು ಕರೆದ ಅವಳನ್ನು?” ಎಂದು ಕೇಳಿದನಂತೆ. ಜೊತೆಯಲ್ಲಿದ್ದವರಿಗೆಲ್ಲ ಆಗ ಅದು ಗೊತ್ತಿತ್ತು. ಯಾರೂ ಹೇಳಲಿಲ್ಲ.

ಕಥೆಗಳಲ್ಲಿ ಇಷ್ಟಕ್ಕೆ ಸುಖವಾಗಿದ್ದರು ಎಂದು ಮುಗಿಸುವುದುಂಟು. ಕಾರೆದುರ್ಗದವರು ಹಾಗೆ ಮುಗಿಸುವುದಿಲ್ಲ. ಹೆಬ್ಬಂಡೆಯವರು ದಂಡು ತರಲಿಲ್ಲವಾದರೂ ಕಣಿವೆಯ ದಾರಿಗೆ ಮುಳ್ಳು ಹಾಕಿದರು. ಹತ್ತಿ, ಉಪ್ಪು ಹೊತ್ತು ಬರುತ್ತಿದ್ದ ವರ್ತಕರ ಎತ್ತುಗಳು ಬೇರೆ ದಾರಿ ಹಿಡಿದವು. ಸಂತೆ ಕರಗಿತು. ಏಳು ಹಳ್ಳಿಗಳಲ್ಲಿ ಎರಡು ಪಾಳುಬಿದ್ದವು. ನಾಗತಿಯ ಪ್ರೀತಿಗೆ ನಾವು ಉಪ್ಪಿಲ್ಲದ ಅಂಬಲಿ ಕುಡಿಯಬೇಕಾಯಿತು ಎಂದು ಶಪಿಸಿ ಊರು ಬಿಟ್ಟವರಿದ್ದರು. ಅವರ ಮಾತು ಹಾಲವ್ವನ ಕಿವಿಗೂ ಬಿತ್ತು, ನೋಯಿಸಿತು. ಅವಳು ಅದನ್ನು ಸುಳ್ಳೆನ್ನಲಿಲ್ಲ. ಕೋಟೆಗೆ ಎರಡನೆಯ ಸುತ್ತು ಕಟ್ಟಿಸಬೇಕೆಂಬ ಅಪ್ಪನ ಆಸೆ ಆಸೆಯಾಗಿಯೇ ಉಳಿಯಿತು. ಅವಳು ಮುಪ್ಪಾಗುವವರೆಗೆ ಆಳಿದಳು, ಜಂಪಣ್ಣ ಮುಪ್ಪಾಗುವವರೆಗೆ ಬಾಗಿಲು ಕಾದ. ಉಳಿದ ಐದು ಹಳ್ಳಿಯವರು ತಮ್ಮಲ್ಲಿ ಯಾರನ್ನೂ ಯಾವ ಕಾಲದಲ್ಲೂ ಯಾರಿಗೂ ಒಪ್ಪಿಸಿಕೊಡಲಿಲ್ಲ ಎಂಬುದೊಂದೇ ಆ ಸಂಸ್ಥಾನದ ಹೆಚ್ಚುಗಾರಿಕೆ.

ಈಗ ಹೋದವರಿಗೆ ಕೋಟೆಯಲ್ಲಿ ನೋಡಲು ಹೆಚ್ಚೇನೂ ಸಿಕ್ಕುವುದಿಲ್ಲ. ಮಣ್ಣಿನ ಗೋಡೆಗಳು ಮಣ್ಣಿಗೆ ಸೇರಿ ಎಷ್ಟೋ ಕಾಲವಾಯಿತು. ಅರಮನೆ ಇದ್ದ ಕಡೆ ಬಯಲಿನ ನಡುವೆ ಒಂದು ಕಲ್ಲಿನ ಹೊಸ್ತಿಲು ಮಾತ್ರ ಉಳಿದಿದೆ. ಎರಡೂ ಕಡೆ ಗೋಡೆಯಿಲ್ಲ, ಮೇಲೆ ಬಾಗಿಲಿಲ್ಲ; ಆಡುಗಳು ಅದನ್ನು ಬಳಸಿಕೊಂಡು ಅತ್ತಿಂದಿತ್ತ ಓಡಾಡುತ್ತವೆ. ಆದರೆ ಆ ಐದು ಹಳ್ಳಿಗಳಲ್ಲಿ ಯಾರ ಮನೆಯ ಮದುವೆಯಾದರೂ ದಿಬ್ಬಣ ಮೊದಲು ಅಲ್ಲಿಗೆ ಬರುತ್ತದೆ. ಗಂಡು ಎಷ್ಟು ಓದಿದವನಾಗಲಿ, ಎಂಥ ಕಾರಿನಲ್ಲಿ ಬಂದಿರಲಿ, ಚಪ್ಪಲಿ ಬಿಟ್ಟು ಆ ಕಲ್ಲಿನ ಮುಂದೆ ನಿಲ್ಲುತ್ತಾನೆ. ಬದಿಯಿಂದ ಬಳಸಿ ಹೋಗಬಹುದಲ್ಲ ಎಂದು ಹೊರಗಿನವರು ಕೇಳುವುದುಂಟು. ಹೋಗಬಹುದು, ಯಾರೂ ಹೋಗುವುದಿಲ್ಲ. ಆಚೆ ನಿಂತ ಹುಡುಗಿಯ ಹೆಸರನ್ನು ಅವನು ಹೇಳುತ್ತಾನೆ. ಕೆಲವರು ಮೆಲ್ಲಗೆ, ಕೆಲವರು ಊರಿಗೆಲ್ಲ ಕೇಳುವಂತೆ. ಆಮೇಲೆ ಹುಡುಗಿ ತಾನೇ ಹೊಸ್ತಿಲು ದಾಟಿ ಈಚೆಗೆ ಬರುತ್ತಾಳೆ. ಯಾರಾದರೊಬ್ಬ ಮುದುಕಿ, ಹೀಗೆ ಮಾಡಬಾರದೆಂದು ಗದರುತ್ತಾಳೆ.